ಕೋಡ್ ಯಂತ್ರದ್ದು, ಹೆಸರು ನನ್ನದು

ಸಾಫ್ಟ್‌ವೇರ್ ಕೆಲಸದಲ್ಲಿ ಕೃತಕ ಬುದ್ಧಿಮತ್ತೆಯ (ಎಐ) ಬಳಕೆ ನಿಮ್ಮನ್ನು ಹೇಗೆ ತಟ್ಟಿದೆ ಎಂದು ಕಳೆದ ಸಂಚಿಕೆಯಲ್ಲಿ ಓದುಗರನ್ನು ಕೇಳಿದ್ದೆವು. ಎಐ ಬೇಡವೇ ಬೇಡ ಎಂದವರೂ ಕಡಿಮೆ, ಎಲ್ಲವೂ ಚೆನ್ನಾಗಿದೆ ಎಂದವರೂ ಕಡಿಮೆ. ಹೆಚ್ಚಿನವರು ಒಂದೇ ಪತ್ರದಲ್ಲಿ ಎರಡನ್ನೂ ಬರೆದಿದ್ದಾರೆ. ಹೆಸರು ಪ್ರಕಟಿಸಬೇಡಿ ಎಂದು ಬಹುತೇಕರು ಕೋರಿರುವುದರಿಂದ ಊರನ್ನಷ್ಟೇ ಇಲ್ಲಿ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು 14 ವರ್ಷಗಳಿಂದ ಬ್ಯಾಕ್‌ಎಂಡ್ ಡೆವಲಪರ್. ಈಗ ನಮ್ಮ ತಂಡದಲ್ಲಿ ಎಲ್ಲರೂ ಎಐ ಏಜೆಂಟ್, ಅಂದರೆ ಹೇಳಿದ ಕೆಲಸಕ್ಕೆ ತಾನೇ ಕೋಡ್ ಬರೆದುಕೊಡುವ ತಂತ್ರಾಂಶ, ಬಳಸುತ್ತೇವೆ. ಹಳೆಯ ಜಾವಾ ಆವೃತ್ತಿಯಿಂದ ಹೊಸದಕ್ಕೆ ಹೋಗುವ ಕೆಲಸವನ್ನು ಮೂರು ವರ್ಷಗಳಿಂದ ಮುಂದೂಡುತ್ತಲೇ ಬಂದಿದ್ದೆವು. ಅದು ಎರಡು ವಾರಗಳಲ್ಲಿ ಮುಗಿಯಿತು. ಅಂದು ನಿಜವಾಗಿಯೂ ಸಂತೋಷವಾಯಿತು. ಆದರೆ ದಿನವೂ ಸಂಜೆ ಲ್ಯಾಪ್‌ಟಾಪ್ ಮುಚ್ಚುವಾಗ ಇವತ್ತು ನಾನೇನು ಮಾಡಿದೆ ಎಂದು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳಿದರೆ ಹಳೆಯ ಕಾಲದವನು ಎನ್ನುತ್ತಾರೆಂಬ ಅಳುಕೂ ಇದೆ. ದೋಷ ನನ್ನ ಮನಸ್ಸಿನಲ್ಲೇ ಇದೆಯೇ? — ಬೆಂಗಳೂರು

ಉತ್ತರ: ದೋಷವಿಲ್ಲ. ನಿಮ್ಮ ಸಂತೋಷವೂ ಬೇಸರವೂ ಎರಡು ಬೇರೆ ಬೇರೆ ಸಂಗತಿಗಳ ಬಗ್ಗೆ ಸರಿಯಾದ ಸುದ್ದಿಯನ್ನೇ ಹೇಳುತ್ತಿವೆ. ಜಾವಾ ಬದಲಾವಣೆಯಲ್ಲಿ ಇದ್ದದ್ದು ಬಹುಪಾಲು ದುಡಿಮೆ. ನೂರಾರು ಕಡತಗಳಲ್ಲಿ ಇಂಪೋರ್ಟ್ ಸಾಲುಗಳನ್ನು ತಿದ್ದುವುದು, ಕೈಬಿಟ್ಟ ಮೆಥಡ್‌ಗಳಿಗೆ ಬದಲಿ ಹುಡುಕುವುದು, ಬಿಲ್ಡ್ ಒಡೆದಾಗಲೆಲ್ಲ ಮತ್ತೆ ಮೊದಲಿನಿಂದ ಕೂರುವುದು. ಆ ಹೊರೆ ಇಳಿದದ್ದಕ್ಕೆ ಸಂತೋಷಪಡುವುದು ಸಹಜ, ಅದಕ್ಕಾಗಿ ಯಾರೂ ನಾಚಿಕೊಳ್ಳಬೇಕಾಗಿಲ್ಲ.

ಸಂಜೆಯ ಬೇಸರ ಬರುವುದು ಬೇರೆ ಕಡೆಯಿಂದ. ಡೆನ್ಮಾರ್ಕ್‌ನ ಗಣಕ ವಿಜ್ಞಾನಿ ಪೀಟರ್ ನೌರ್ 1985ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ, ಪ್ರೋಗ್ರಾಂ ಬರೆಯುವವನು ಮುಖ್ಯವಾಗಿ ಕಟ್ಟುವುದು ತನ್ನ ತಲೆಯೊಳಗಿನ ತಿಳಿವಳಿಕೆಯನ್ನು, ಕೋಡು ಮತ್ತು ದಾಖಲೆಗಳು ಅದರಿಂದ ಹೊರಬಿದ್ದವು ಎಂದು ವಾದಿಸಿದರು. ಯಾವ ಭಾಗ ಏಕೆ ಹಾಗಿದೆ, ನಾಳೆ ಹೊಸ ಬೇಡಿಕೆ ಬಂದರೆ ಎಲ್ಲಿ ಕೈಯಿಡಬೇಕು ಎಂಬುದು ಆ ತಿಳಿವಳಿಕೆಯಲ್ಲಿರುತ್ತದೆ. ಅದನ್ನು ಹೊತ್ತ ತಂಡ ಚದುರಿದರೆ ಕೋಡು ಪೂರ್ತಿ ಉಳಿದಿದ್ದರೂ ಪ್ರೋಗ್ರಾಂ ಸತ್ತಂತೆಯೇ ಎನ್ನುವಷ್ಟರ ಮಟ್ಟಿಗೆ ಅವರು ಹೋಗುತ್ತಾರೆ. ನಾವು ಕೈಯಾರೆ ಬರೆಯುತ್ತಿದ್ದಾಗ ಕೋಡು, ತಿಳಿವಳಿಕೆ ಎರಡೂ ಒಟ್ಟಿಗೆ ಬೆಳೆಯುತ್ತಿದ್ದವು, ಹಾಗಾಗಿ ಎರಡನ್ನೂ ಒಂದೇ ಎಂದುಕೊಂಡಿದ್ದೆವು. ಏಜೆಂಟ್ ಕೋಡನ್ನು ತಂದಿಡುತ್ತದೆ, ತಿಳಿವಳಿಕೆಯನ್ನು ತಂದಿಡುವುದಿಲ್ಲ. ಸಂಜೆ ನಿಮಗೆ ಕಾಣುವ ಖಾಲಿತನ ಆ ಕೊರತೆಯ ಗುರುತೆಂದು ನಾನು ನಂಬುತ್ತೇನೆ.

ಇದು ನನಗೆ ಅರಿವಾದದ್ದು ಒಂದು ರಾತ್ರಿ ಎರಡು ಗಂಟೆಗೆ, ತುರ್ತು ದುರಸ್ತಿಗೆ ಆನ್‌ಕಾಲ್ ಕರೆ ಬಂದಾಗ. ಪಾವತಿ ವಿಫಲವಾದರೆ ಮತ್ತೆ ಪ್ರಯತ್ನಿಸುವ ಭಾಗವನ್ನು ಏಜೆಂಟ್ ಬರೆದಿತ್ತು, ನಾನು ಓದಿ ಒಪ್ಪಿದ್ದೆ. ಆ ಕೋಡು ಪ್ರತಿ ಮರುಪ್ರಯತ್ನಕ್ಕೂ ಹೊಸ ಗುರುತು ಸಂಖ್ಯೆಯನ್ನು ಹುಟ್ಟಿಸುತ್ತಿದ್ದುದರಿಂದ, ಮೊದಲ ಪಾವತಿ ನಿಜವಾಗಿ ಆಗಿ ಉತ್ತರ ಮಾತ್ರ ತಡವಾದ ಸಂದರ್ಭಗಳಲ್ಲಿ, ಎರಡನೆಯದೂ ಅದೇ ಪಾವತಿ ಎಂದು ಎದುರಿನ ವ್ಯವಸ್ಥೆಗೆ ತಿಳಿಯುತ್ತಿರಲಿಲ್ಲ. ಗ್ರಾಹಕರ ಖಾತೆಯಿಂದ ಎರಡು ಸಲ ಹಣ ಹೋಗುತ್ತಿತ್ತು. ತಪ್ಪು ಒಂದೇ ಸಾಲಿನದು: ಸಂಖ್ಯೆಯನ್ನು ಹುಟ್ಟಿಸುವ ಸಾಲು ಮರುಪ್ರಯತ್ನದ ಲೂಪಿನ ಹೊರಗೆ ಇರಬೇಕಿತ್ತು, ಒಳಗಿತ್ತು. ನಾನೇ ಮೂರು ವಾರಗಳ ಹಿಂದೆ ಮರ್ಜ್ ಮಾಡಿದ, ಅಂದರೆ ಮುಖ್ಯ ಕೋಡಿಗೆ ಸೇರಿಸಿದ, ಕೋಡನ್ನು ಆ ರಾತ್ರಿ ಮೊದಲ ಸಲ ನೋಡುತ್ತಿರುವಂತೆ ಓದಿದೆ. ಕೈಯಿಂದ ಬರೆದಿದ್ದರೂ ಆ ತಪ್ಪು ಆಗಬಹುದಿತ್ತು, ಒಪ್ಪುತ್ತೇನೆ. ಆದರೆ ಅದನ್ನು ಎಲ್ಲಿ ಹುಡುಕಬೇಕೆಂದು ನನಗೆ ಗೊತ್ತಿರುತ್ತಿತ್ತು.

ನಿಮ್ಮ ಅಳುಕಿನ ಬಗ್ಗೆ ಒಂದು ಮಾತು. ಬರೆದ ಪ್ರೋಗ್ರಾಂ ಅನ್ನು ಯಂತ್ರದ ಸಂಕೇತಕ್ಕೆ ತಿರುಗಿಸುವ ಕಂಪೈಲರ್ ಬಂದಾಗಲೂ ಜನ ಹೀಗೇ ಗೊಣಗಿದ್ದರು ಎಂದು ಯಾರಾದರೂ ನಿಮಗೆ ಹೇಳಿಯೇ ಇರುತ್ತಾರೆ. ಐಬಿಎಂನಲ್ಲಿ ಜಾನ್ ಬ್ಯಾಕಸ್ ಅವರ ತಂಡ 1957ರಲ್ಲಿ ಫೋರ್ಟ್ರಾನ್ ಭಾಷೆಯ ಕಂಪೈಲರನ್ನು ಹೊರತಂದಾಗ ಅನುಮಾನಪಟ್ಟವರು ಇದ್ದದ್ದು ನಿಜ, ಅವರ ಅನುಮಾನ ಸುಳ್ಳಾದದ್ದೂ ನಿಜ. ಆದರೆ ಆ ಹೋಲಿಕೆ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ. ಫೋರ್ಟ್ರಾನಿನ ಒಂದು ಸಾಲಿಗೆ ನಿಗದಿಯಾದ ಅರ್ಥವಿದೆ, ಕಂಪೈಲರ್ ಆ ಅರ್ಥಕ್ಕೆ ಕಟ್ಟುಬಿದ್ದಿರುತ್ತದೆ. ಅದಕ್ಕಾಗಿಯೇ ಅದು ಹುಟ್ಟಿಸಿದ ಸಂಕೇತವನ್ನು ಇಂದು ನಾವು ತೆರೆದೂ ನೋಡುವುದಿಲ್ಲ. ನಮ್ಮ ಮಾತಿನಲ್ಲಿ ಬರೆದ ಕೋರಿಕೆಗೆ ಅಂಥ ನಿಗದಿಯಾದ ಅರ್ಥವಿಲ್ಲ, ಅದೇ ಕೋರಿಕೆಗೆ ನಾಳೆ ಬೇರೆ ಕೋಡು ಬರಬಹುದು. ಆದ್ದರಿಂದ ಓದುವ ಹೊಣೆ ನಮ್ಮಲ್ಲೇ ಉಳಿದಿದೆ, ಅದನ್ನು ನೆನಪಿಸುವವರು ಹಳೆಯ ಕಾಲದವರಲ್ಲ.

ನಾನು ಈಗ ಮಾಡುವುದಿಷ್ಟು. ಏಜೆಂಟಿಗೆ ಕೆಲಸ ಕೊಡುವ ಮೊದಲು ಅರ್ಧ ಪುಟ ಬರೆಯುತ್ತೇನೆ: ಯಾವ ದತ್ತಾಂಶ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಅದು ಎಲ್ಲಿ ಮುರಿಯಬಹುದು, ಮುರಿದರೆ ಏನಾಗಬೇಕು. ಹಣ, ಅನುಮತಿ ಮತ್ತು ಅಳಿಸುವಿಕೆಗೆ ಸಂಬಂಧಿಸಿದ ಭಾಗಗಳನ್ನು ಕೈಯಿಂದಲೇ ಬರೆಯುತ್ತೇನೆ. ಇದರಿಂದ ವೇಗ ಸ್ವಲ್ಪ ಕುಗ್ಗುತ್ತದೆ. ಆದರೆ ಸಂಜೆ ನಿಮ್ಮ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡರೆ ಆ ಅರ್ಧ ಪುಟ ಕೈಯಲ್ಲಿರುತ್ತದೆ.

ಪ್ರಶ್ನೆ: ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಮೊದಲ ದಿನದಿಂದ ಎಐ ಬಳಸುತ್ತಿದ್ದೇನೆ, ಟಿಕೆಟ್‌ಗಳನ್ನು (ವಹಿಸಿಕೊಟ್ಟ ಕೆಲಸಗಳನ್ನು) ಸಮಯಕ್ಕೆ ಮುಗಿಸುತ್ತೇನೆ, ಅಪ್ರೈಸಲ್ ಕೂಡ ಚೆನ್ನಾಗಿ ಆಯಿತು. ಈಚೆಗೆ ಒಂದು ಸಂದರ್ಶನದಲ್ಲಿ ಎಐ ಇಲ್ಲದೆ ಸಣ್ಣ ಪ್ರೋಗ್ರಾಂ ಬರೆಯಲು ಹೇಳಿದರು. ಖಾಲಿ ಪರದೆಯ ಮುಂದೆ ಕೈ ಓಡಲಿಲ್ಲ. ಇಷ್ಟು ದಿನ ಮಾಡಿದ್ದು ಮೋಸವೇ ಎನ್ನಿಸುತ್ತಿದೆ. — ಹುಬ್ಬಳ್ಳಿ

ಉತ್ತರ: ಮೋಸವೆನ್ನಬೇಡಿ. ಕಂಪನಿಯೇ ಕೊಟ್ಟ ಉಪಕರಣವನ್ನು ಬಳಸಿ, ಕೊಟ್ಟ ಕೆಲಸವನ್ನು ಮುಗಿಸಿದ್ದೀರಿ. ಆದರೆ ನಿಮಗಾದ ಹೆದರಿಕೆಯನ್ನು ತಳ್ಳಿಹಾಕಲೂಬೇಡಿ. ಬ್ರಿಟನ್ನಿನ ಮನೋವಿಜ್ಞಾನಿ ಲಿಸಾನ್ ಬೇನ್‌ಬ್ರಿಜ್ ಅವರು 1983ರಲ್ಲಿ, ಕಾರ್ಖಾನೆಗಳ ನಿಯಂತ್ರಣ ಕೊಠಡಿಗಳಂಥ ಸ್ಥಳಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಸ್ವಯಂಚಾಲನೆಯ ಒಂದು ವಿಪರ್ಯಾಸವನ್ನು ಗುರುತಿಸಿದರು: ಸುಲಭವಾದ ಭಾಗವನ್ನು ಯಂತ್ರ ವಹಿಸಿಕೊಂಡು ಅತಿ ಕಷ್ಟದ ಗಳಿಗೆಯನ್ನು ಮನುಷ್ಯನಿಗೆ ಬಿಡುತ್ತದೆ, ಆ ಗಳಿಗೆಯನ್ನು ನಿಭಾಯಿಸಲು ಬೇಕಾದ ಅಭ್ಯಾಸ ಸಿಗುತ್ತಿದ್ದದ್ದು ಮಾತ್ರ ಆ ಸುಲಭವಾದ ಭಾಗದಿಂದಲೇ. ನಿಮ್ಮ ಹಿರಿಯರಿಗೆ ಕೈಯಾರೆ ದುಡಿದ ವರ್ಷಗಳ ಉಳಿತಾಯವಿದೆ, ನಿಮಗೆ ಅದು ಕೂಡಿಡುವ ಮೊದಲೇ ಯಂತ್ರ ಬಂದಿತು. ನಿಮ್ಮ ತಲೆಮಾರಿಗೆ ಆಗುತ್ತಿರುವ ಈ ನಷ್ಟವನ್ನು ಕಂಪನಿಗಳು ಸಾಕಷ್ಟು ಗಂಭೀರವಾಗಿ ಪರಿಗಣಿಸಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಫ್ರೆಶರ್‌ಗಳಿಗೆ ಕಲಿಯುವ ಸಮಯವನ್ನು ಕೆಲಸದ ಸಮಯದೊಳಗೇ ಕೊಡಬೇಕು.

ನೀವೇ ಮಾಡಬಹುದಾದ್ದು ಡಿಬಗ್‌ನಿಂದ, ಅಂದರೆ ತಪ್ಪು ಹುಡುಕುವುದರಿಂದ, ಆರಂಭವಾಗಲಿ. ಪೈಥಾನ್‌ನಲ್ಲಿ ತಪ್ಪು ಸಂದೇಶ ಬಂದ ಕೂಡಲೇ ಅದನ್ನು ನಕಲಿಸಿ ಚಾಟ್ ಕಿಟಕಿಗೆ ಅಂಟಿಸುವ ಕೈಯನ್ನು ಹತ್ತು ನಿಮಿಷ ತಡೆಯಿರಿ. ಕೊನೆಯ ಸಾಲು ತಪ್ಪು ಏನೆಂದು ಹೇಳುತ್ತದೆ, ಮೇಲಿನ ಸಾಲುಗಳು ಪ್ರೋಗ್ರಾಂ ಅಲ್ಲಿಗೆ ಬಂದ ದಾರಿಯನ್ನು ಹೇಳುತ್ತವೆ. ಆ ದಾರಿಯಲ್ಲಿ ನಿಮ್ಮದೇ ಕಡತದ ಹೆಸರು ಕೊನೆಯದಾಗಿ ಎಲ್ಲಿ ಕಾಣುತ್ತದೆ ನೋಡಿ, ಆ ಗಳಿಗೆಯಲ್ಲಿ ಯಾವ ವೇರಿಯಬಲ್‌ನಲ್ಲಿ ಯಾವ ಮೌಲ್ಯವಿತ್ತು ಎಂಬ ನಿಮ್ಮ ಊಹೆಯನ್ನು ಕಾಗದದ ಮೇಲೆ ಬರೆಯಿರಿ, ಆಮೇಲೆ ಎಐಯನ್ನು ಕೇಳಿ. ಊಹೆ ಸರಿಯೋ ತಪ್ಪೋ, ಹೋಲಿಸಿ ನೋಡಿದ್ದು ತಲೆಯಲ್ಲಿ ನಿಲ್ಲುತ್ತದೆ. ವಾರಕ್ಕೆ ಒಂದು ಸಣ್ಣ ಟಿಕೆಟ್ಟನ್ನು ಪೂರ್ತಿ ಕೈಯಿಂದ ಬರೆಯಿರಿ, ಮತ್ತು ಹೀಗೆ ಮಾಡುತ್ತಿದ್ದೇನೆಂದು ತಂಡದ ಹಿರಿಯರಿಗೆ ಮೊದಲೇ ತಿಳಿಸಿ. ಖಾಲಿ ಪರದೆಯ ಭಯ ಕೆಲವು ತಿಂಗಳಲ್ಲಿ ಇಳಿಯುತ್ತದೆ; ಎರಡು ವರ್ಷದ ಅನುಭವದಲ್ಲಿ ಇದು ತಡವೇನಲ್ಲ.

ಪ್ರಶ್ನೆ: ನಾನು ಟೀಮ್ ಲೀಡ್. ಮೊದಲು ದಿನಕ್ಕೆ ಎರಡು ಪುಲ್ ರಿಕ್ವೆಸ್ಟ್ (ಬರೆದ ಕೋಡನ್ನು ನೋಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಬರುತ್ತಿದ್ದವು, ಈಗ ಆರೇಳು ಬರುತ್ತವೆ, ಕೆಲವು ಸಾವಿರ ಸಾಲಿಗೂ ಮೀರಿದವು. ನೋಡಲು ಕೋಡು ಅಚ್ಚುಕಟ್ಟಾಗಿರುತ್ತದೆ, ಟೆಸ್ಟ್‌ಗಳೂ ಇರುತ್ತವೆ, ಎಲ್ಲವೂ ಪಾಸಾಗಿರುತ್ತವೆ. ಈ ಸಾಲು ಏಕೆ ಎಂದು ಕೇಳಿದರೆ ಬರೆದವರಿಗೇ ಗೊತ್ತಿರುವುದಿಲ್ಲ. ಅವರ ಅರ್ಧ ಕೆಲಸ ನನ್ನ ಮೇಲೆ ಬಿದ್ದಿದೆ ಅನ್ನಿಸುತ್ತದೆ. — ಮಂಗಳೂರು

ಉತ್ತರ: ಬಿದ್ದಿದೆ. ಬರೆಯುವ ಸಮಯ ಉಳಿಯಿತೆಂದು ಲೆಕ್ಕ ಹಾಕುವವರು ಆ ಸಮಯ ಯಾರ ಹೆಗಲಿಗೆ ದಾಟಿತು ಎಂದು ನೋಡುವುದಿಲ್ಲ. ಡೆವಲಪರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ 2025ರಲ್ಲಿ ನಡೆಸಿದ ಡೆವಲಪರ್ ಸಮೀಕ್ಷೆಯಲ್ಲಿ ಶೇ 84ರಷ್ಟು ಮಂದಿ ಎಐ ಬಳಸುತ್ತಿದ್ದೇವೆ ಅಥವಾ ಬಳಸಲಿದ್ದೇವೆ ಎಂದರು. ಅದೇ ಸಮೀಕ್ಷೆಯಲ್ಲಿ ಅದರ ನಿಖರತೆಯನ್ನು ನಂಬುವುದಿಲ್ಲ ಎಂದವರು ಶೇ 46, ನಂಬುತ್ತೇವೆ ಎಂದವರು ಶೇ 33. ಬೇಸರಕ್ಕೆ ಕಾರಣವಾಗಿ ಅತಿ ಹೆಚ್ಚು ಜನ ಹೇಳಿದ್ದು, ಉತ್ತರಗಳು ಬಹುತೇಕ ಸರಿಯಾಗಿದ್ದು ಪೂರ್ತಿ ಸರಿಯಾಗಿರುವುದಿಲ್ಲ ಎಂಬುದನ್ನು. ನಿಮ್ಮ ಮೇಜಿನ ಮೇಲಿರುವುದು ಆ ಬಗೆಯ ಕೋಡು.

ಒಂದು ಉದಾಹರಣೆಯನ್ನು ನೋಡಿ. ದಿನದ ವಹಿವಾಟಿನ ವರದಿ ತಯಾರಿಸಬೇಕು. ಡೇಟಾಬೇಸ್‌ನಲ್ಲಿ ಸಮಯ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿದೆ, ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಏಜೆಂಟ್ ಬರೆದ ಕೋಡು ಯುಟಿಸಿಯ ದಿನಾಂಕವನ್ನೇ ನೇರವಾಗಿ ಹಿಡಿದರೆ, ಮಧ್ಯರಾತ್ರಿಯಿಂದ ಬೆಳಗಿನ 5:30ರವರೆಗಿನ ವಹಿವಾಟುಗಳೆಲ್ಲ ಹಿಂದಿನ ದಿನದ ಲೆಕ್ಕಕ್ಕೆ ಸೇರುತ್ತವೆ. ಟೆಸ್ಟನ್ನೂ ಅದೇ ಏಜೆಂಟ್ ಬರೆದಿದ್ದರೆ ಅದು ಮಧ್ಯಾಹ್ನ 12 ಗಂಟೆಯ ಒಂದು ವಹಿವಾಟನ್ನು ತೆಗೆದುಕೊಂಡು, ಎರಡೂ ಲೆಕ್ಕದಲ್ಲಿ ದಿನಾಂಕ ಒಂದೇ ಆಗಿರುವುದರಿಂದ, ಪಾಸಾಯಿತೆಂದು ಹಸಿರು ಬಣ್ಣ ತೋರಿಸುತ್ತದೆ. ಕೋಡಿನಲ್ಲಿದ್ದ ಮರೆವು ಟೆಸ್ಟ್‌ನಲ್ಲೂ ಇದೆ. ಆದ್ದರಿಂದ ಕನಿಷ್ಠ ಟೆಸ್ಟ್‌ಗಳ ಪಟ್ಟಿಯನ್ನಾದರೂ ಮನುಷ್ಯರು ಬರೆಯಬೇಕು: ರಾತ್ರಿ 12:10ರ ವಹಿವಾಟು, ಬೆಳಗಿನ 5:29ರದು, 5:31ರದು, ತಿಂಗಳ ಕೊನೆಯ ರಾತ್ರಿಯದು. ಯಾವ ಗಳಿಗೆ ಅಪಾಯದ್ದೆಂದು ಹೇಳಬಲ್ಲವನಿಗೆ ಆ ಕೋಡು ಅರ್ಥವಾಗಿದೆ ಎಂದೇ ಲೆಕ್ಕ.

ಹೊರಗಿನಿಂದ ತರುವ ಹೊಸ ಲೈಬ್ರರಿಗಳ (ಸಿದ್ಧ ಕೋಡಿನ ಪ್ಯಾಕೇಜ್‌ಗಳ) ಹೆಸರನ್ನೂ ಕಣ್ಣಿಟ್ಟು ನೋಡಿ. ಎಐ ಮಾದರಿಗಳು ಎಲ್ಲೂ ಇಲ್ಲದ ಪ್ಯಾಕೇಜ್‌ಗಳ ಹೆಸರನ್ನು ಹೇಳುವುದುಂಟು, ಆ ಹೆಸರನ್ನು ಯಾರಾದರೂ ದುರುದ್ದೇಶದಿಂದ ಮೊದಲೇ ನೋಂದಾಯಿಸಿಟ್ಟಿದ್ದರೆ ಅದು ನೇರವಾಗಿ ನಿಮ್ಮ ಬಿಲ್ಡ್‌ನೊಳಗೆ ಬರುತ್ತದೆ.

ತಂಡದಲ್ಲಿ ಒಂದು ನಿಯಮ ಮಾಡಿ: ಪುಲ್ ರಿಕ್ವೆಸ್ಟ್ ಕಳಿಸಿದವರು ಯಾವ ಸಾಲನ್ನು ಕೇಳಿದರೂ ಕಾರಣ ಹೇಳಬೇಕು, ಹೇಳಲಾಗದಿದ್ದರೆ ಅದು ರಿವ್ಯೂಗೆ ಸಿದ್ಧವಾಗಿಲ್ಲ. ದೊಡ್ಡದನ್ನು ಒಡೆದು ಕಳಿಸಲು ಹೇಳಿ. ಇದನ್ನು ಗದರಿ ಹೇಳಬೇಡಿ, ಪಕ್ಕದಲ್ಲಿ ಕೂರಿಸಿಕೊಂಡು ಒಂದೆರಡು ಸಲ ಜೊತೆಯಲ್ಲಿ ಓದಿ. ಹುಬ್ಬಳ್ಳಿಯ ಓದುಗರ ಪತ್ರದಲ್ಲಿರುವ ಭಯ ನಿಮ್ಮ ತಂಡದ ಕಿರಿಯರಲ್ಲೂ ಇರುತ್ತದೆ.

ಪ್ರಶ್ನೆ: ಪ್ರತಿ ತಿಂಗಳು ನಿಮ್ಮ ಕೋಡಿನಲ್ಲಿ ಶೇಕಡಾ ಎಷ್ಟು ಎಐ ಬರೆದದ್ದು ಎಂದು ವರದಿ ಕೇಳುತ್ತಾರೆ. ಕಡಿಮೆ ಬರೆದರೆ ಪ್ರಶ್ನೆ ಬರುತ್ತದೆ, ಹೆಚ್ಚು ಬರೆದರೆ ನಾಳೆ ನನ್ನ ಅಗತ್ಯವೇನು ಎಂಬ ಆತಂಕ. — ಬೆಂಗಳೂರು

ಉತ್ತರ: ಗೂಗಲ್‌ನಲ್ಲಿ ಹೊಸ ಕೋಡಿನ ಕಾಲು ಭಾಗಕ್ಕಿಂತ ಹೆಚ್ಚನ್ನು ಎಐ ಬರೆಯುತ್ತಿದೆ ಎಂದು ಸುಂದರ್ ಪಿಚೈ 2024ರ ಅಕ್ಟೋಬರ್‌ನಲ್ಲಿ ಹೇಳಿದರು. ಅದೇ ವಾಕ್ಯದಲ್ಲಿ, ಎಂಜಿನಿಯರ್‌ಗಳು ಅದನ್ನು ಪರಿಶೀಲಿಸಿ ಒಪ್ಪುತ್ತಾರೆ ಎಂದೂ ಇತ್ತು. ಕಾಲು ಭಾಗ ಎಂಬ ಸಂಖ್ಯೆ ಎಲ್ಲೆಡೆ ಹರಡಿತು, ಪರಿಶೀಲನೆಯ ಮಾತು ಅಷ್ಟು ಹರಡಲಿಲ್ಲ.

ಮೀಟರ್ (METR) ಎಂಬ ಅಮೆರಿಕದ ಸಂಶೋಧನಾ ಸಂಸ್ಥೆ 2025ರ ಜುಲೈನಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮುಕ್ತ ತಂತ್ರಾಂಶ ಯೋಜನೆಗಳಲ್ಲಿ ಅನುಭವವಿದ್ದ 16 ಡೆವಲಪರ್‌ಗಳು ತಮಗೆ ಚೆನ್ನಾಗಿ ಗೊತ್ತಿದ್ದ ಯೋಜನೆಗಳಲ್ಲೇ 246 ಕೆಲಸಗಳನ್ನು ಮಾಡಿದರು. ಯಾವ ಕೆಲಸಕ್ಕೆ ಎಐ ಬಳಸಬಹುದು, ಯಾವುದಕ್ಕೆ ಬಳಸಬಾರದು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು. ಎಐ ಬಳಸಿದಾಗ ಅವರಿಗೆ ಶೇ 19ರಷ್ಟು ಹೆಚ್ಚು ಸಮಯ ಹಿಡಿಯಿತು, ಆದರೆ ಮುಗಿದ ಮೇಲೂ ಅವರು ತಮಗೆ ಶೇ 20ರಷ್ಟು ಸಮಯ ಉಳಿಯಿತೆಂದೇ ನಂಬಿದ್ದರು. ಅದು 2025ರ ಆರಂಭದ ಉಪಕರಣಗಳ ಕಥೆ, ಹದಿನಾರೇ ಜನರ ಕಥೆ. ಎಐ ಎಲ್ಲರನ್ನೂ ನಿಧಾನಗೊಳಿಸುತ್ತದೆ ಎಂದು ಅದರಿಂದ ಹೇಳಲು ಬರುವುದಿಲ್ಲ. ಆದರೆ ವೇಗದ ಬಗ್ಗೆ ನಮ್ಮ ಅನಿಸಿಕೆಯನ್ನೇ ಅಳತೆಗೋಲು ಮಾಡಿಕೊಳ್ಳಬಾರದು ಎಂದು ಖಂಡಿತ ಹೇಳಬಹುದು.

ವರದಿಯಲ್ಲಿ ನಿಜವಾದ ಸಂಖ್ಯೆಯನ್ನೇ ಬರೆಯಿರಿ, ಜೊತೆಗೆ ಎರಡು ಸಾಲು ಸೇರಿಸಿ: ರಿವ್ಯೂಗೆ ಎಷ್ಟು ಸಮಯ ಹೋಯಿತು, ಮರ್ಜ್ ಆದ ಮೇಲೆ ಎಷ್ಟು ಬಗ್ ಬಂದವು. ಸಹೋದ್ಯೋಗಿಗಳೂ ಹಾಗೆಯೇ ಮಾಡಿದರೆ ಕೆಲವೇ ತಿಂಗಳಲ್ಲಿ ಮ್ಯಾನೇಜರ್ ಮುಂದೆ ಮಾತಾಡಲು ಗಟ್ಟಿಯಾದದ್ದೇನಾದರೂ ಇರುತ್ತದೆ. ನಾಳೆಯ ಆತಂಕಕ್ಕೆ ನನ್ನಲ್ಲಿ ಖಾತರಿಯ ಉತ್ತರವಿಲ್ಲ, ಇದೆಯೆಂದು ಹೇಳಿ ನಿಮ್ಮನ್ನು ಸಮಾಧಾನಪಡಿಸುವುದು ತಪ್ಪಾಗುತ್ತದೆ. ಮನೆಸಾಲದ ಕಂತು ಕಟ್ಟುವವರಿಗೆ ಈ ಆತಂಕ ಎಷ್ಟು ಭಾರವೆಂದು ಗೊತ್ತಿದೆ. ಅದನ್ನು ಒಬ್ಬರೇ ಹೊರಬೇಡಿ, ತಂಡದಲ್ಲಿ ಎತ್ತಿ ಮಾತಾಡಿ.

ಪ್ರಶ್ನೆ: ಕಂಪನಿ ಎಐ ಕೊಟ್ಟಿಲ್ಲ. ಸ್ವಂತ ಖಾತೆಯ ಉಚಿತ ಚಾಟ್‌ಬಾಟ್‌ಗೆ ಕ್ಲೈಂಟ್ ಕೋಡು ಹಾಕಿ ಕೇಳುತ್ತೇನೆ. ತೊಂದರೆಯಿದೆಯೇ? — ಮೈಸೂರು

ಉತ್ತರ: ಇದೆ, ಇಂದೇ ನಿಲ್ಲಿಸಿ. ಆ ಕೋಡು ನಿಮ್ಮದಲ್ಲ. 2023ರಲ್ಲಿ ಸ್ಯಾಮ್‌ಸಂಗ್ ನೌಕರರು ಆಂತರಿಕ ಕೋಡನ್ನು ಚಾಟ್‌ಜಿಪಿಟಿಗೆ ಹಾಕಿದ ಸಂಗತಿ ಹೊರಬಂದ ಮೇಲೆ ಆ ಕಂಪನಿ ಇಂಥ ಉಪಕರಣಗಳ ಬಳಕೆಯನ್ನೇ ನಿಷೇಧಿಸಿತು. ಉಪಕರಣ ಬೇಕೆಂದು ಲಿಖಿತವಾಗಿ ಕೇಳಿ. ಅಲ್ಲಿಯವರೆಗೆ ಕ್ಲೈಂಟ್‌ಗೆ ಸಂಬಂಧಿಸಿದ ಹೆಸರು, ದತ್ತಾಂಶ, ಗುಪ್ತಪದ ಯಾವುದೂ ಇಲ್ಲದ ಸಾಮಾನ್ಯ ಪ್ರಶ್ನೆಗಳನ್ನು ಮಾತ್ರ ಕೇಳಿಕೊಳ್ಳಿ.

ಪ್ರಶ್ನೆ: ಕೆಲಸದ ನಂತರದ ಸಮಯದಲ್ಲಿ ನಮ್ಮೂರ ಗ್ರಂಥಾಲಯಕ್ಕಾಗಿ ಕನ್ನಡದಲ್ಲಿ ಪುಸ್ತಕ ಸೂಚಿಯ ಆ್ಯಪ್ ಮಾಡುತ್ತಿದ್ದೇನೆ. ಎಐ ಇಲ್ಲದಿದ್ದರೆ ಒಬ್ಬನಿಂದ ಇದು ಆಗುತ್ತಲೇ ಇರಲಿಲ್ಲ, ಅದಕ್ಕೆ ಕೃತಜ್ಞನಾಗಿದ್ದೇನೆ. ಆದರೆ ಇಂಗ್ಲಿಷ್ ಪುಸ್ತಕಗಳಲ್ಲಿ ಸರಿಯಾಗಿ ನಡೆಯುವ ಕೋಡು ಕನ್ನಡದಲ್ಲಿ ಎಡವುತ್ತದೆ: ಹೆಸರು ಅರ್ಧಕ್ಕೆ ತುಂಡಾಗುತ್ತದೆ, ಹುಡುಕಿದರೆ ಸಿಗುವುದಿಲ್ಲ, ಅಕಾರಾದಿ ತಪ್ಪುತ್ತದೆ. — ಧಾರವಾಡ

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಸಂತೋಷವಾಯಿತು. ಒಬ್ಬರೇ ಕೂತು ಒಂದು ಊರಿಗೆ ಬೇಕಾದ ತಂತ್ರಾಂಶ ಮಾಡುವುದು ಈಗ ಸಾಧ್ಯವಾಗಿದೆ. ಎಐಯ ಒಳಿತನ್ನು ಕೇಳಿದವರಿಗೆ ನಾನು ಮೊದಲು ಹೇಳುವುದು ಇಂಥ ಕೆಲಸಗಳನ್ನೇ. ನೀವು ಹೇಳಿದ ಮೂರೂ ತೊಡಕುಗಳಿಗೆ ಕಾರಣ ಹುಡುಕಬಹುದು.

ಮೊದಲನೆಯದು ತುಂಡಾಗುವುದು. ‘ಲಕ್ಷ್ಮಿ’ ಎಂಬುದು ನಮ್ಮ ಕಣ್ಣಿಗೆ ಎರಡು ಅಕ್ಷರ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಕ್ರಮಾಂಕ ಕೊಡುವ ಯೂನಿಕೋಡಿನಲ್ಲಿ ಅದು ಏಳು ಸಂಕೇತ: ಲ, ಕ, ಅರ್ಧಾಕ್ಷರ ಚಿಹ್ನೆ (್), ಷ, ಮತ್ತೊಂದು ಅರ್ಧಾಕ್ಷರ ಚಿಹ್ನೆ, ಮ, ಇಕಾರದ ಗುಣಿತ ಚಿಹ್ನೆ. ಜಾವಾಸ್ಕ್ರಿಪ್ಟ್‌ನಲ್ಲಿ ಉದ್ದ ಕೇಳಿದರೆ 7 ಎನ್ನುತ್ತದೆ. ಪರದೆಯಲ್ಲಿ ಜಾಗ ಸಾಲದೆ ಕೋಡು ಐದಕ್ಕೆ ಕತ್ತರಿಸಿದರೆ ‘ಲಕ್ಷ್’ ಉಳಿಯುತ್ತದೆ, ಆರಕ್ಕೆ ಕತ್ತರಿಸಿದರೆ ‘ಲಕ್ಷ್ಮ’ ಎಂದು ಹೆಸರೇ ಬೇರೆಯಾಗುತ್ತದೆ. ಎರಡನೆಯದು ಹುಡುಕಾಟ. ‘ಕೋಲಾರ’ದ ಮೊದಲ ಅಕ್ಷರವನ್ನು ಕ ಮತ್ತು ಓಕಾರದ ಒಂದೇ ಚಿಹ್ನೆಯಾಗಿ ಎರಡು ಸಂಕೇತಗಳಲ್ಲಿ ಬರೆಯಬಹುದು, ಅದೇ ಚಿಹ್ನೆಯನ್ನು ಬಿಡಿಸಿ ಒಟ್ಟು ನಾಲ್ಕು ಸಂಕೇತಗಳಲ್ಲೂ ಬರೆಯಬಹುದು, ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಕಂಪ್ಯೂಟರಿಗೆ ಅವು ಬೇರೆ ಪದಗಳು. ಹಳೆಯ ಫಾಂಟ್‌ಗಳಿಂದ ಯೂನಿಕೋಡಿಗೆ ಪರಿವರ್ತಿಸಿದ ಪಟ್ಟಿಗಳಲ್ಲಿ ಇಂಥ ಬೆರಕೆ ಇದೆಯೇ ನೋಡಿಕೊಳ್ಳಿ. ಉಳಿಸುವಾಗಲೂ ಹುಡುಕುವಾಗಲೂ ಪಠ್ಯವನ್ನು ಎನ್‌ಎಫ್‌ಸಿ ಎಂಬ ಯೂನಿಕೋಡಿನ ಏಕರೂಪಕ್ಕೆ ತಂದರೆ ಇದು ಪರಿಹಾರವಾಗುತ್ತದೆ. ಮೂರನೆಯದು ಅಕಾರಾದಿ. ಯೂನಿಕೋಡಿನ ಕ್ರಮಾಂಕದಲ್ಲಿ ಳ ಬರುವುದು ಲ ಮತ್ತು ವ ನಡುವೆ, ನಮ್ಮ ವರ್ಣಮಾಲೆಯಲ್ಲಿ ಅದು ಬರುವುದು ಹ ಆದಮೇಲೆ. ಬರಿಯ ಕ್ರಮಾಂಕ ನೋಡಿ ಜೋಡಿಸುವ ಕೋಡು ಇಲ್ಲಿ ತಪ್ಪಲೇಬೇಕು.

ಈ ಮೂರನ್ನೂ ಹೆಸರು ಹಿಡಿದು ಕೇಳಿದರೆ ಎಐ ಸರಿಯಾಗಿಯೇ ಬರೆದುಕೊಡುವುದನ್ನು ನಾನು ಕಂಡಿದ್ದೇನೆ. ಕೇಳದಿದ್ದರೆ ಇಂಗ್ಲಿಷಿನ ಅಭ್ಯಾಸದಲ್ಲೇ ಬರೆಯುತ್ತದೆ. ಕೇಳಬೇಕೆಂದು ತಿಳಿಯಲು ಕನ್ನಡದ ಪಟ್ಟಿಯನ್ನು ಕಣ್ಣಾರೆ ನೋಡಿ ಇದು ತಪ್ಪು ಎನ್ನುವ ಒಬ್ಬರು ಬೇಕಿತ್ತು, ಅದನ್ನು ನೀವು ಮಾಡಿದ್ದೀರಿ. ನಿಮ್ಮ ಟೆಸ್ಟ್‌ಗಳ ಪಟ್ಟಿಗೆ ಲಕ್ಷ್ಮಿ, ಜ್ಯೋತ್ಸ್ನಾ, ಕೋಲಾರ, ಳಕಾರವಿರುವ ನಾಲ್ಕಾರು ಶೀರ್ಷಿಕೆಗಳನ್ನು ಸೇರಿಸಿ, ಗ್ರಂಥಪಾಲಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಓಡಿಸಿ ನೋಡಿ. ಇನ್ನೂ ಎಲ್ಲಾದರೂ ಎಡವಿದರೆ ಆ ಪದವನ್ನು ನಮಗೆ ಬರೆದು ಕಳಿಸಿ.